ತುಂಗಭದ್ರೆಯ ದಂಡೆಯ ಮೊದಲ ಒಕ್ಕಲು

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಓದಿದವರಿಗೆ ಭತ್ತಕ್ಕೂ ರಾಗಿಗೂ ನಡೆದ ವಾಗ್ವಾದ ನೆನಪಿದ್ದೇ ಇರುತ್ತದೆ. ಭತ್ತ ತನ್ನ ಕುಲದ ಹಿರಿಮೆಯನ್ನು ಸಾರಿಕೊಳ್ಳುತ್ತದೆ. ನರೆದಲೆಗನೆಂಬ ರಾಗಿಯು ಬಡವರನ್ನು ಕಾಯುವವನು ತಾನೆಂದು ಎದುರು ನಿಲ್ಲುತ್ತದೆ. ಶ್ರೀರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ಭತ್ತ ಸೊರಗಿಹೋಗಿದೆ, ರಾಗಿ ಇದ್ದ ಹಾಗೆಯೇ ಇದೆ. ಗೆದ್ದ ಧಾನ್ಯಕ್ಕೆ ರಾಘವನ ಹೆಸರೇ ಸಲ್ಲುತ್ತದೆ. ಕಾವ್ಯದ ತೀರ್ಪನ್ನು ಪ್ರಶ್ನಿಸುವ ಉದ್ದೇಶ ನನಗಿಲ್ಲ. ಅದು ನ್ಯಾಯವಾದ ತೀರ್ಪೇ. ಆದರೆ ನಮ್ಮ ನಾಡಿನ ಪ್ರಾಚೀನ ನೆಲೆಗಳ ಉತ್ಖನನದ ವರದಿಗಳನ್ನು ಓದುವವನಿಗೆ ಅಲ್ಲೊಂದು ಸ್ವಾರಸ್ಯ ಕಾಣುತ್ತದೆ. ಆ ಸಭೆಯಲ್ಲಿ ವಾದಿಯೂ ಪ್ರತಿವಾದಿಯೂ ಈ ನೆಲಕ್ಕೆ ಹೊರಗಿನಿಂದ ಬಂದವರೇ. ಭತ್ತದ ತವರು ಚೀನಾದ ಯಾಂಗ್ಟ್ಸಿ ನದಿಯ ಬಯಲು ಮತ್ತು ಒಂದಂಶಕ್ಕೆ ನಮ್ಮ ಗಂಗಾ ಬಯಲು. ರಾಗಿಯ ತವರು ಇನ್ನೂ ದೂರ, ಪೂರ್ವ ಆಫ್ರಿಕದ ಎತ್ತರದ ನಾಡು. ಈ ನೆಲದಲ್ಲೇ ಹುಟ್ಟಿ ಇಲ್ಲಿಯ ಮೊದಲ ಒಕ್ಕಲಿನ ಕೈಯಲ್ಲಿ ಪಳಗಿದ ಹುರುಳಿ ಆ ಜಗಳದಲ್ಲಿ ಕಕ್ಷಿಯೇ ಅಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದೇ ಇಂದಿನ ಭಾಷಣದ ವಿಷಯ. ‘ನಾವು ಇಲ್ಲಿಯವರು, ಅವರು ಹೊರಗಿನವರು’ ಎಂಬ ಮಾತು ಸಭೆಗಳಲ್ಲಿಯೂ ಜಗಲಿಗಳಲ್ಲಿಯೂ ಧಾರಾಳವಾಗಿ ಕೇಳಿಬರುತ್ತಿರುವಾಗ, ಮನುಷ್ಯರ ಸಾಕ್ಷ್ಯಕ್ಕಿಂತ ಕಾಳಿನ ಸಾಕ್ಷ್ಯ ಹೆಚ್ಚು ನಿಷ್ಪಕ್ಷಪಾತವಾದುದೆಂದು ನನಗೆ ತೋರುತ್ತದೆ.

ಶಿವಮೊಗ್ಗೆಗೆ ಸಮೀಪದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮಿಸುತ್ತವೆ. ಅಲ್ಲಿಂದ ಒಂದೇ ಹೆಸರಿನಲ್ಲಿ ಉತ್ತರಾಭಿಮುಖವಾಗಿ ಹೊನ್ನಾಳಿಯನ್ನು ಹಾದು ಸಾಗುವ ನದಿಯ ದಂಡೆಯಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಹಳ್ಳೂರು ಎಂಬ ಗ್ರಾಮವಿದೆ. 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಲ್ಲಿಯ ದಿಬ್ಬವನ್ನು ಅಗೆಸಿದರು. ಮುಂದೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾದವರು ಇವರೇ. ಕೆಳಗಿನ ಪದರಗಳಲ್ಲಿ ನಯಮಾಡಿದ ಕಲ್ಲಿನ ಕೊಡಲಿಗಳು, ಬೂದುಬಣ್ಣದ ಮಡಕೆಗಳು, ದುಂಡನೆಯ ಗುಡಿಸಲುಗಳ ನೆಲಗಟ್ಟುಗಳು ದೊರೆತವು. ಮೇಲಿನ ಪದರಗಳಲ್ಲಿ ಕಬ್ಬಿಣ ಕಾಣಿಸಿಕೊಂಡಿತು. ಕ್ರಿ.ಪೂ. 2000ದ ಸುಮಾರಿಗೆ ಅಲ್ಲಿ ಜನ ಮನೆಮಾಡಿಕೊಂಡಿದ್ದರು. ಭದ್ರಾವತಿಯ ನೀರು, ಶಿವಮೊಗ್ಗೆಯ ನೀರು ಹರಿದುಹೋಗುವ ದಾರಿಯಲ್ಲೇ ನಾಲ್ಕು ಸಾವಿರ ವರ್ಷಗಳ ಹಿಂದಿನ ಒಂದು ಒಕ್ಕಲು ಕುಟುಂಬದ ಒಲೆ ಉರಿಯುತ್ತಿತ್ತೆಂದ ಮೇಲೆ, ಪ್ರಾಗಿತಿಹಾಸವೆಂದರೆ ಈಜಿಪ್ಟಿನದು, ಬ್ಯಾಬಿಲೋನಿನದು ಎಂದು ನಾವು ದೂರ ನೋಡಬೇಕಾದ ಅಗತ್ಯವಿಲ್ಲ.

ಮನುಷ್ಯನ ಕಥೆ ಹಳ್ಳೂರಿಗಿಂತ ಎಷ್ಟೋ ಹಳೆಯದು, ನಿಜ. ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ತಾಣವನ್ನು ಪ್ರೊ. ಕೆ. ಪದ್ದಯ್ಯನವರು ಹೊರಗೆಡಹಿದರು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳ ಕಾಲಗಣನೆ ಸುಮಾರು 12 ಲಕ್ಷ ವರ್ಷಗಳನ್ನು ಸೂಚಿಸಿತು. ಆದರೆ ಆ ಕೈಗಳು ನಮ್ಮ ಜಾತಿಯ ಮನುಷ್ಯನವಲ್ಲ. ನಮ್ಮ ಜಾತಿ ಆಫ್ರಿಕದಲ್ಲಿ ರೂಪುಗೊಂಡು ಸುಮಾರು 3 ಲಕ್ಷ ವರ್ಷಗಳಾದವು; ಅಲ್ಲಿಂದ ಹೊರಟು ಏಷ್ಯದಲ್ಲಿ ಹಬ್ಬಿದ್ದು ಬಹಳ ಈಚೆಗೆ. 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದವರೆಗೆ ಬಂದು ಬಿದ್ದಿತು. ಆ ಬೂದಿಯ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣಗಳು ಸಿಕ್ಕಿವೆ. ಅವನ್ನು ಮಾಡಿದವರು ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಏನಿದ್ದರೂ, ಈ ನೆಲದ ಮೇಲೆ ನಡೆದಾಡಿದ ಮೊದಲ ನಮ್ಮಂಥ ಮನುಷ್ಯನೂ ನಡೆದು ಬಂದವನೇ.

ಆ ಮನುಷ್ಯ ಹತ್ತಾರು ಸಾವಿರ ವರ್ಷ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು, ಕಾಡಿನ ಹಣ್ಣು ಕಾಳು ಆಯ್ದು ಬದುಕಿದ. ಅವನು ಏಕೆ ಬಿತ್ತತೊಡಗಿದ ಎಂಬುದು ದೊಡ್ಡ ಪ್ರಶ್ನೆ. ನಾವು ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು: ಬೇಸಾಯ ಯೂಫ್ರೆಟಿಸ್ ಟೈಗ್ರಿಸ್ ನದಿಗಳ ಸೀಮೆಯಲ್ಲಿ ಹುಟ್ಟಿತು, ಅಲ್ಲಿಂದ ದೀಪದಿಂದ ದೀಪ ಹೊತ್ತಿದಂತೆ ಜಗತ್ತಿಗೆ ಹರಡಿತು. ಗೋಧಿ, ಜವೆ, ಕುರಿ, ಆಡುಗಳ ಮಟ್ಟಿಗೆ ಈ ಉತ್ತರ ಸರಿ. ಅವು ಅಲ್ಲಿ ಪಳಗಿ ಹತ್ತು ಸಾವಿರ ವರ್ಷಗಳೇ ಸಂದಿವೆ. ಆದರೆ ಇಡೀ ದಕ್ಷಿಣಾಪಥವನ್ನು ಈ ಒಂದು ದೀಪದ ಬೆಳಕಿನಲ್ಲಿ ಓದಲು ಹೊರಟರೆ ಕಣ್ಣಿಗೆ ಬೀಳದ ಸಂಗತಿಗಳೇ ಹೆಚ್ಚು.

ದಕ್ಷಿಣದಲ್ಲಿ ಮೊದಲು ಬಂದದ್ದು ನೇಗಿಲಲ್ಲ, ದನ. ಬಳ್ಳಾರಿ, ರಾಯಚೂರು, ಯಾದಗಿರಿಗಳ ಬಯಲಿನಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಕೆಲವು ಆಳೆತ್ತರವನ್ನು ಎಷ್ಟೋ ಮೀರಿ ನಿಂತಿವೆ. ಕೆಲವೆಡೆ ಬೂದಿ ಕರಗಿ ಗಟ್ಟಿಯಾಗಿ ಕಬ್ಬಿಣದ ಕಿಟ್ಟದಂತೆ ಕಾಣುತ್ತದೆ. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ದಹಿಸಿದ ಜಾಗವೆಂದು ತೋರಿಸುತ್ತಾರೆ. ಕಿಷ್ಕಿಂಧೆಯ ನೆರೆಯಲ್ಲಿ ಅಷ್ಟು ಬೂದಿ ಕಂಡವರು ಬೇರೆ ಯಾರನ್ನು ನೆನೆಯಬೇಕು? ಜ್ವಾಲಾಮುಖಿಯೆಂದವರಿದ್ದರು, ಲೋಹ ಕರಗಿಸಿದ ಕುಲುಮೆಯೆಂದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಹತ್ತೊಂಬತ್ತನೆಯ ಶತಮಾನದಲ್ಲೇ ಇದು ಸಗಣಿಯ ಬೂದಿಯೆಂದು ಗುರುತಿಸಿದ. 1957ರಲ್ಲಿ ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದಾಗ ಮರದ ಕಂಬಗಳ ಬೇಲಿಯ ಗುರುತುಗಳೂ ಬೂದಿಯಲ್ಲಿ ಅಚ್ಚೊತ್ತಿದ್ದ ದನಗಳ ಗೊರಸಿನ ಗುರುತುಗಳೂ ದೊರೆತು ಸಂಶಯ ನಿವಾರಣೆಯಾಯಿತು. ಇವು ದನದ ದೊಡ್ಡಿಗಳು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿದ್ದ ಸಗಣಿಯನ್ನು ಒಟ್ಟಿ ಆಗಾಗ ಬೆಂಕಿಯಿಡುತ್ತಿದ್ದರು. ಇವುಗಳಲ್ಲಿ ಹಳೆಯವು ಕ್ರಿ.ಪೂ. 3000ದ ಆಸುಪಾಸಿನವು.

ಗೊಬ್ಬರವಾಗಬೇಕಾದ ಸಗಣಿಯನ್ನು ಏಕೆ ಸುಟ್ಟರು? ಹೊಲವಿದ್ದವನಿಗೆ ಸಗಣಿ ಸಂಪತ್ತು. ದನ ಮಾತ್ರವಿದ್ದವನಿಗೆ ಅದು ತೊಲಗಿಸಬೇಕಾದ ಕಸ ಎಂಬುದು ಒಂದು ವಿವರಣೆ. ಋತುವಿಗೊಮ್ಮೆ ಜನ ಕೂಡಿದಾಗ ಹಚ್ಚುತ್ತಿದ್ದ ಹಬ್ಬದ ಬೆಂಕಿ ಎಂಬುದು ಮತ್ತೊಂದು. ಆಲ್ಚಿನ್ನರು ಇದನ್ನು ಇಂದಿನ ದನಗಾಹಿಗಳ ಬೆಂಕಿಹಬ್ಬಗಳಿಗೆ ಹೋಲಿಸಿದರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಹೋಲಿಕೆ ಥಟ್ಟನೆ ಹಿಡಿಸುತ್ತದೆ. ಆದರೆ ಹಿಡಿಸಿದ್ದೆಲ್ಲ ಪ್ರಮಾಣವಲ್ಲ. ಸಾವಿರಾರು ವರ್ಷಗಳ ಕಂದಕವನ್ನು ಒಂದು ಹೋಲಿಕೆಯಿಂದ ದಾಟುವುದು ಕವಿಗೆ ಶೋಭಿಸುತ್ತದೆ, ಇತಿಹಾಸಕಾರನಿಗಲ್ಲ.

ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಈ ಬೂದಿದಿಬ್ಬಗಳ ಎದುರು ತಡೆದು ನಿಲ್ಲಿಸುವುದು ‘ಹಟ್ಟಿ’ ಎಂಬ ಪದ. ಹಳಗನ್ನಡದಲ್ಲಿ ಇದು ‘ಪಟ್ಟಿ’. ದನ ಕಟ್ಟುವ ಕೊಟ್ಟಿಗೆಯೂ ಹಟ್ಟಿಯೇ, ಜನ ವಾಸಿಸುವ ಚಿಕ್ಕ ಊರೂ ಹಟ್ಟಿಯೇ. ಚಿತ್ರದುರ್ಗ, ತುಮಕೂರು ಕಡೆ ಗೊಲ್ಲರಹಟ್ಟಿಗಳು ಎಷ್ಟಿಲ್ಲ! ತಮಿಳಿನಲ್ಲಿಯೂ ‘ಪಟ್ಟಿ’ ಎಂದರೆ ದೊಡ್ಡಿ, ಊರಿನ ಹೆಸರಿನ ಕೊನೆಗೂ ಅದೇ. ಈಗ ಬೂದಿಹಾಳದ ಉತ್ಖನನವನ್ನು ನೋಡಿ. ಸುರಪುರ ಸೀಮೆಯ ಆ ನೆಲೆಯನ್ನು ಪದ್ದಯ್ಯನವರು 1989ರ ಅನಂತರ ಹಲವು ವರ್ಷ ಅಗೆಸಿದರು. ಅಲ್ಲಿ ಸಗಣಿ ತುಂಬಿದ ದೊಡ್ಡಿ, ಅದಕ್ಕೆ ಹೊಂದಿಕೊಂಡಂತೆ ಮನೆಗಳು, ಮಾಂಸ ಕಡಿಯುತ್ತಿದ್ದ ನೆಲಗಟ್ಟು ಎಲ್ಲವೂ ಒಂದೇ ಕಡೆ ದೊರೆತವು. ದೊಡ್ಡಿಯೇ ಊರಾಗಿತ್ತು. ಮಣ್ಣು ಹೇಳುವುದನ್ನೇ ಪದವೂ ಹೇಳುತ್ತಿದೆ. ಬೂದಿದಿಬ್ಬದ ಜನ ಕನ್ನಡದ ಪೂರ್ವರೂಪವನ್ನಾಡುತ್ತಿದ್ದರೆಂದು ನಾನು ಆಣೆಯಿಡಲಾರೆ. ಮಡಕೆಗೆ ಮಾತು ಬರುವುದಿಲ್ಲ. ಆದರೂ ದ್ರಾವಿಡ ಭಾಷೆಗಳ ಹಳೆಯ ಪದಸಂಪತ್ತು ಆ ಬಗೆಯ ಬದುಕಿಗೆ ಚೆನ್ನಾಗಿ ಒಪ್ಪುತ್ತದೆ ಎನ್ನಲು ಅಡ್ಡಿಯಿಲ್ಲ.

ದನಗಾಹಿಗಳು ನೆಲೆಯೂರಿ ಬಿತ್ತತೊಡಗಿದ್ದು ಕ್ರಿ.ಪೂ. 2000ದ ಆಸುಪಾಸಿನಲ್ಲಿ. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ನಮ್ಮ ಹಳ್ಳೂರು, ಇವೆಲ್ಲ ಆ ಕಾಲದ ಊರುಗಳು. ಅವರು ಏನು ಬಿತ್ತಿದರು ಎಂಬುದು ಬಹುಕಾಲ ಊಹೆಯ ಮಾತಾಗಿತ್ತು. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರನ ಗಮನವೆಲ್ಲ ಮಣ್ಣಿನ ಪದರಗಳ ಮೇಲೆ, ಮಡಕೆಗಳ ಮೇಲೆ ಇತ್ತು. ಮಣ್ಣಿನಲ್ಲಿ ಬೆರೆತ ಸಾಸಿವೆಯಷ್ಟು ಕಾಳನ್ನು ಹುಡುಕುವ ಉಪಾಯ ಬಳಕೆಗೆ ಬಂದದ್ದು ಆಮೇಲೆ.

ಉಪಾಯವೇನೋ ಸರಳ. ನಮ್ಮ ಹೆಂಗಸರು ಕಾಳು ತೊಳೆಯುವಾಗ ಜೊಳ್ಳು ತೇಲಿಸಿ ಚೆಲ್ಲುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಅಗೆದ ಮಣ್ಣನ್ನು ನೀರಿಗೆ ಸುರಿದು ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ, ಹಗುರವಾದ ಇದ್ದಿಲು ಮೇಲೆ ತೇಲುತ್ತದೆ. ಅದನ್ನು ತೆಳುಬಟ್ಟೆಯಲ್ಲಿ ಸೋಸಿ ಒಣಗಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಹಸಿ ಕಾಳು ಕೊಳೆತುಹೋಗುತ್ತದೆ. ಅಡುಗೆಯ ಹೊತ್ತಿನಲ್ಲಿ ಒಲೆಗೆ ಸಿಡಿದು ಕರಿಕಾದ ಕಾಳು ಮಾತ್ರ ಇದ್ದಿಲಾಗಿ ಆಕಾರಗೆಡದೆ ಉಳಿಯುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಯಾವಳೋ ಗೃಹಿಣಿಯ ಕೈತಪ್ಪಿ ಹೋದದ್ದೇ ಇಂದು ನಮಗೆ ದಾಖಲೆ. ಕಳೆದ ಶತಮಾನದ ಕೊನೆಯಿಂದೀಚೆಗೆ ಲಂಡನ್ನಿನ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಹಳ್ಳೂರು, ಸಂಗನಕಲ್ಲು ಮೊದಲಾದ ಕಡೆಯ ಮಣ್ಣನ್ನು ಹೀಗೆ ತೇಲಿಸಿ ಪರೀಕ್ಷಿಸಿದರು.

ಪದೇ ಪದೇ ದೊರೆತದ್ದು ನಾಲ್ಕು. ದ್ವಿದಳಗಳಲ್ಲಿ ಹುರುಳಿ ಮತ್ತು ಹೆಸರು. ಕಿರುಧಾನ್ಯಗಳಲ್ಲಿ ಕೊರಲೆ, ಅದರ ಜೊತೆಗೆ ನವಣೆಯ ಕಾಡುಬಂಧುವೊಂದು, ಇಂದು ನಾವು ಕಳೆಯೆಂದು ಕಿತ್ತೆಸೆಯುವ, ತೆನೆ ಬಟ್ಟೆಗೆ ಅಂಟಿಕೊಳ್ಳುವ ಹುಲ್ಲು. ನಾಲ್ಕೂ ಈ ಪರ್ಯಾಯದ್ವೀಪದಲ್ಲಿ ಕಾಡಾಗಿ ಬೆಳೆಯುವಂಥವು, ನಾಲ್ಕೂ ಮುಂಗಾರಿನ ಮಳೆಗೆ ಹುಟ್ಟಿ ಮಳೆ ಹಿಂದೆಗೆದಾಗ ಕೊಯ್ಲಿಗೆ ಬರುವಂಥವು. ಕಾಡು ಹೆಸರು ಪಶ್ಚಿಮಘಟ್ಟದ ಪೂರ್ವದ ಅಂಚಿನಲ್ಲಿ, ಮಲೆನಾಡು ಬಯಲಿಗೆ ಇಳಿಯುವ ಕಡೆ ಈಗಲೂ ಉಂಟು. ಆಯನೂರಿನಂಥ ಅರೆಮಲೆನಾಡಿನ ಊರುಗಳವರು ಇದನ್ನು ಕೇಳಿ ಸ್ವಲ್ಪ ಹಿಗ್ಗಿದರೆ ತಪ್ಪಿಲ್ಲ.

ಹುರುಳಿ ಪಳಗಿದ ಕಥೆಯಂತೂ ಕಣ್ಣಿಗೆ ಕಟ್ಟುವಂತಿದೆ. ಕಾಡುಕಾಳಿಗೆ ದಪ್ಪ ಸಿಪ್ಪೆ. ಮೊದಲ ಮಳೆಗೇ ಎಲ್ಲ ಕಾಳೂ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ನಾಶ. ಆದ್ದರಿಂದ ಪ್ರಕೃತಿ ದಪ್ಪ ಸಿಪ್ಪೆಯೊಳಗೆ ಕಾಳನ್ನು ನಿದ್ದೆಗೆ ಕೆಡಹುತ್ತದೆ. ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಏಳುತ್ತವೆ. ಒಕ್ಕಲಿಗನಿಗೆ ಈ ನಿದ್ದೆ ಬೇಡ. ಬಿತ್ತಿದವುಗಳಲ್ಲಿ ಆ ವರ್ಷವೇ ಮೊಳೆತು ಫಲ ಕೊಟ್ಟವು ಮಾತ್ರ ಅವನ ಕಣಕ್ಕೆ ಬರುತ್ತವೆ, ಅವೇ ಮರುವರ್ಷದ ಬೀಜವಾಗುತ್ತವೆ. ಹೀಗೆ ಯಾರೂ ಉದ್ದೇಶಿಸದೆಯೇ ತಲೆಮಾರಿನಿಂದ ತಲೆಮಾರಿಗೆ ತೆಳುಸಿಪ್ಪೆಯ ಕಾಳು ಆಯ್ಕೆಯಾಗುತ್ತ ಹೋಗುತ್ತದೆ. 2017ರಲ್ಲಿ ಚಾರ್ಲೀನ್ ಮರ್ಫಿ ಮತ್ತು ಫುಲ್ಲರ್, ಭಾರತದ ಹಳೆಯ ನೆಲೆಗಳಲ್ಲಿ ದೊರೆತ ಹುರುಳಿಕಾಳುಗಳನ್ನು ಒಡೆಯದೆ, ಪ್ರಬಲವಾದ ಕ್ಷಕಿರಣಗಳಿಂದ ಒಳಗನ್ನು ಚಿತ್ರಿಸಿ ಸಿಪ್ಪೆಯ ದಪ್ಪವನ್ನು ಅಳೆದರು. ಕ್ರಿ.ಪೂ. ಎರಡನೆಯ ಸಹಸ್ರಮಾನದಿಂದ ಈಚೆಗೆ ಬಂದಂತೆ ಸಿಪ್ಪೆ ತೆಳುವಾಗಿರುವುದು ಸ್ಪಷ್ಟವಾಯಿತು. ಬೇಸಾಯದ ಹುಟ್ಟೆಂದರೆ ಒಂದು ಶುಭಮುಹೂರ್ತದಲ್ಲಿ ನಡೆದ ಆವಿಷ್ಕಾರವಲ್ಲ. ಕೂದಲೆಳೆಗಿಂತ ತೆಳ್ಳಗೆ, ಶತಮಾನಗಳ ಉದ್ದಕ್ಕೆ ಸವೆದ ಸಿಪ್ಪೆ.

ಹುರುಳಿಗೂ ತಿರುಳೆಂಬ ಅರ್ಥದ ‘ಹುರುಳು’ ಪದಕ್ಕೂ ನಂಟು ಕಟ್ಟಲು ಹೋಗುವುದು ಹುರುಳಿಲ್ಲದ ಕೆಲಸವಾದೀತು. ಹೆಸರುಕಾಳಿನ ಹೆಸರು ಮಾತ್ರ ಗಟ್ಟಿಯಾದ ಸಾಕ್ಷಿ. ಹಳಗನ್ನಡದ ‘ಪೆಸರ್’, ತೆಲುಗಿನ ‘ಪೆಸಲು’, ತಮಿಳಿನ ‘ಪಯರು’, ತುಳುವಿನ ‘ಪದೆಂಗಿ’, ಎಲ್ಲವೂ ಒಂದೇ ಬೇರಿನ ಕವಲುಗಳು. ಒರಳು, ಒನಕೆಗಳಿಗೂ ಹೀಗೆಯೇ ನೆರೆಯ ಭಾಷೆಗಳಲ್ಲಿ ಒಡಹುಟ್ಟುಗಳಿವೆ. ಈ ಭಾಷೆಗಳು ಬೇರ್ಪಡುವ ಮೊದಲೇ ಆ ಕಾಳೂ ಅದನ್ನು ಕುಟ್ಟುವ ಸಾಧನವೂ ಮನೆಯಲ್ಲಿದ್ದವೆಂದು ಇದರಿಂದ ತಿಳಿಯಬಹುದು.

ಹಾಗಾದರೆ ಎಲ್ಲವೂ ಸ್ವದೇಶಿಯೇ? ಅಲ್ಲ. ಅದೇ ಹೊಲದ ಬದಿಯಲ್ಲಿ ಮೇಯುತ್ತಿದ್ದ ಕುರಿ ಮತ್ತು ಆಡು ಹೊರಗಿನವು. ಅವುಗಳ ಕಾಡುಪೂರ್ವಜರು ದಕ್ಷಿಣ ಭಾರತದಲ್ಲಿ ಇರಲೇ ಇಲ್ಲ. ಹಿಣಿಲುಳ್ಳ ದನ ಮೊದಲು ಪಳಗಿದ್ದು ಸಿಂಧೂ ಕಣಿವೆಯ ಅಂಚಿನಲ್ಲಿ; ಬಲೂಚಿಸ್ತಾನದ ಮೆಹರ್‌ಗಢ ಅದಕ್ಕೆ ಸಾಕ್ಷಿ. ಅಲ್ಲಿಂದ ತಲೆಮಾರುಗಳ ಕಾಲ ಹುಲ್ಲುಗಾವಲು ಅರಸುತ್ತ ದನವೂ ದನಗಾಹಿಯೂ ದಕ್ಷಿಣಕ್ಕೆ ಸರಿದಿರಬೇಕು. ಗೋಧಿ ಮತ್ತು ಜವೆ ಕೂಡ ಹಿಂದೆಯೇ ಬಂದವು, ಸಂಗನಕಲ್ಲಿನಲ್ಲಿಯೂ ಹಳ್ಳೂರಿನಲ್ಲಿಯೂ ಅವುಗಳ ಕಾಳು ಸಿಕ್ಕಿವೆ. ಆದರೆ ಅವು ಚಳಿಗಾಲದ ಬೆಳೆಗಳು, ಮುಂಗಾರನ್ನೇ ನಂಬಿದ ಒಣನೆಲದಲ್ಲಿ ಅವನ್ನು ಬೆಳೆಯಲು ಪ್ರತ್ಯೇಕವಾಗಿ ನೀರು ನೋಡಿಕೊಳ್ಳಬೇಕು. ಇಲ್ಲಿ ಅವು ನೆಂಟರಾಗಿ ಉಳಿದವೇ ಹೊರತು ಮನೆಯವರಾಗಲಿಲ್ಲ.

ಮನೆಯವರಾದವು ಆಫ್ರಿಕದ ಬೆಳೆಗಳು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಅರಬ್ಬೀ ಸಮುದ್ರದ ತೀರದಗುಂಟ ನಡೆದ ಓಡಾಟದಲ್ಲಿ ಜೋಳ, ಸಜ್ಜೆ, ಅಲಸಂದೆ, ಅವರೆ ಒಂದೊಂದಾಗಿ ಭಾರತ ಸೇರಿದವು. ಹೊತ್ತು ತಂದವರು ದೊಡ್ಡ ಸಾಮ್ರಾಜ್ಯದವರಲ್ಲ. ಸಣ್ಣ ದೋಣಿಗಳ ಮೀನುಗಾರರೂ ಚಿಲ್ಲರೆ ವ್ಯಾಪಾರಿಗಳೂ ಇದ್ದಿರಬೇಕು. ಈ ಬೆಳೆಗಳೂ ಮಳೆಗಾಲದವೇ ಆದ್ದರಿಂದ ಹುರುಳಿ ಕೊರಲೆಗಳ ಪಂಕ್ತಿಯಲ್ಲಿ ಸಲೀಸಾಗಿ ಕುಳಿತವು, ಅವುಗಳಿಗಿಂತ ಹೆಚ್ಚು ಫಲವನ್ನೂ ಕೊಟ್ಟವು. ರಾಗಿ ಬಂದ ಕಾಲದ ಬಗ್ಗೆ ಮಾತ್ರ ವಿವಾದವೆದ್ದಿತು. ಹಳ್ಳೂರಿನ ಹಳೆಯ ಪದರಗಳ ಕಾಳನ್ನು ರಾಗಿಯೆಂದು ಮೊದಲು ಗುರುತಿಸಿದ್ದರು. ಮುಂದಿನ ಪರೀಕ್ಷಕರು ಅಂಥ ಗುರುತುಗಳಲ್ಲಿ ಹಲವು ಹುಲ್ಲಿನ ಬೇರೆ ಬೀಜಗಳದಿರಬೇಕೆಂದು ತಕರಾರು ತೆಗೆದರು. ರಾಗಿ ಇಲ್ಲಿ ನೆಲೆಗೊಂಡದ್ದು ಕಬ್ಬಿಣ ಬಂದ ಕಾಲದ ಸುಮಾರಿಗೆ ಎಂಬುದೇ ಈಗ ಹೆಚ್ಚು ಒಪ್ಪತಕ್ಕ ಮಾತು. ಮುದ್ದೆಯಿಲ್ಲದ ಕರ್ನಾಟಕವೂ ಒಂದು ಕಾಲಕ್ಕೆ ಇತ್ತೆಂದು ಹೇಳಿದರೆ ಹಳೆಯ ಮೈಸೂರಿನ ಗೆಳೆಯರು ನನ್ನನ್ನು ಕ್ಷಮಿಸುವುದಿಲ್ಲ.

ಹೀಗೆ ಬಂದದ್ದು ಅಂದಿಗೇ ನಿಲ್ಲಲಿಲ್ಲ. ಇಂದು ಆಯನೂರಿನ ಸುತ್ತ ಕಣ್ಣು ಹಾಯಿಸಿದರೆ ಕಾಣುವುದೇನು? ಮೆಕ್ಕೆಜೋಳ ಅಮೆರಿಕದ್ದು, ಅದು ಕೊಲಂಬಸನ ಅನಂತರ ಬಂತು. ಮೆಣಸಿನಕಾಯಿಯೂ ಅಲ್ಲಿಯದೇ. ನಮ್ಮ ಮಾನಮರ್ಯಾದೆಯ ಸಂಕೇತವಾದ ಅಡಕೆ ಆಗ್ನೇಯ ಏಷ್ಯದ ದ್ವೀಪಗಳ ಕಡೆಯದು. ತಾಂಬೂಲವಿಲ್ಲದೆ ಯಾವ ಶುಭಕಾರ್ಯವನ್ನೂ ಆರಂಭಿಸದ ನಾವು ಅಡಕೆಯ ಊರು ಯಾವುದೆಂದು ಎಂದೂ ಕೇಳಿದವರಲ್ಲ.

ಜನರ ಮಾತೂ ಇದಕ್ಕಿಂತ ಬೇರೆಯಲ್ಲ. ವಂಶವಾಹಿಗಳ ಅಧ್ಯಯನದ ಪ್ರಕಾರ ಇಂದಿನ ಭಾರತೀಯರಲ್ಲಿ ಬಹುತೇಕ ಎಲ್ಲರಲ್ಲಿಯೂ ಆಫ್ರಿಕದಿಂದ ಮೊದಲು ಬಂದ ಬೇಟೆಗಾರರ ಅಂಶವೂ ಇರಾನಿನ ಕಡೆಯವರಿಗೆ ಸಂಬಂಧಿಸಿದ ಅಂಶವೂ ಬೆರೆತಿವೆ. ಕ್ರಿ.ಪೂ. 2000ದ ಅನಂತರ ಮಧ್ಯ ಏಷ್ಯದ ಹುಲ್ಲುಗಾವಲಿನವರ ಅಂಶವೂ ಸೇರಿತು. ಅನುಪಾತ ಹೆಚ್ಚುಕಡಿಮೆ ಇರಬಹುದು. ಬೆರಕೆಯಿಲ್ಲದವರನ್ನು ಹುಡುಕುವುದು ಕಷ್ಟ. ‘ಮೂಲ’ ಎಂಬ ಪದವನ್ನು ಜನರಿಗೆ ಅಂಟಿಸಿ ಮಾತನಾಡುವವರು, ಅದಕ್ಕೆ ಮೊದಲು ತಮ್ಮ ಊಟದೆಲೆಯ ಮೇಲಿರುವುದನ್ನು ಒಂದೊಂದಾಗಿ ವಿಚಾರಿಸುವುದು ಒಳ್ಳೆಯದು.

ಹಳ್ಳೂರಿನಂಥ ಊರುಗಳ ಬದುಕು ಹೇಗಿತ್ತು? ಬಿದಿರು ಮಣ್ಣುಗಳ ಗೋಡೆ, ಹುಲ್ಲಿನ ಚಾವಣಿ, ಬಂಡೆಯ ಮೇಲೆ ಕಾಳು ಅರೆದರೆದು ಬಿದ್ದ ಗುಳಿಗಳು. ಹೆಚ್ಚು ಕಾಲ ಮರೆಯಲಾಗದ ಸಂಗತಿ ಇನ್ನೊಂದಿದೆ. ಈ ನೆಲೆಗಳಲ್ಲಿ ಸತ್ತ ಎಳೆಮಕ್ಕಳನ್ನು ಮಡಕೆಗಳಲ್ಲಿಟ್ಟು ಮನೆಗಳ ನಡುವೆ, ಮನೆಯ ನೆಲದ ಕೆಳಗೆ ಹೂಳುತ್ತಿದ್ದರು. ನೆಲೆನಿಂತ ಬದುಕು ಅನ್ನವನ್ನು ತಂದಂತೆ ರೋಗಗಳನ್ನೂ ತಂದಿತು, ದನಗಳೊಡನೆ ಒಂದೇ ಸೂರಿನಡಿ ಬಾಳುವುದು ಸುಲಭವಾಗಿರಲಿಲ್ಲ. ಮಗುವನ್ನು ದೂರದ ಬಯಲಿಗೆ ಒಯ್ಯಲು ತಾಯಿಯ ಮನಸ್ಸು ಒಪ್ಪಲಿಲ್ಲವೆಂದು ನಾವು ಭಾವಿಸಿಕೊಳ್ಳುತ್ತೇವೆ. ಕಾರಣ ಬೇರೆಯೇ ಇದ್ದಿರಲೂಬಹುದು. ಆದರೆ ಹಟ್ಟಿ ಮನೆಯಾಯಿತೆನ್ನಲು ಈ ಮಡಕೆಗಳಿಗಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

ಕ್ರಿ.ಪೂ. 1000ದ ಸುಮಾರಿಗೆ ಹಳ್ಳೂರಿನ ಪದರಗಳಲ್ಲಿ ಕಬ್ಬಿಣ ಬರುತ್ತದೆ. ಕಲ್ಲಿನ ಕೊಡಲಿಗೆ ಬಗ್ಗದ ಕಾಡು ಕಬ್ಬಿಣಕ್ಕೆ ಬಗ್ಗತೊಡಗಿತು. ಭತ್ತ ದಕ್ಷಿಣದಲ್ಲಿ ನೆಲೆಗೊಂಡದ್ದೂ ಈ ಕಬ್ಬಿಣದ ಯುಗದಲ್ಲಿಯೇ. ಮಲೆನಾಡಿನ ಒಳಗೆ ಆ ಯುಗದ ಜನ ಬಿಟ್ಟುಹೋದ ಗುರುತುಗಳನ್ನು ನೋಡಬೇಕೆಂದಿರುವವರು ಹೊಸನಗರ ತಾಲೂಕಿನ ನಿಲಸ್ಕಲ್, ಬೈಸೆಗಳಿಗೆ ಹೋಗಬೇಕು. ಅಲ್ಲಿ ಆಳೆತ್ತರದ, ಅದಕ್ಕೂ ಮಿಗಿಲಾದ ಚಪ್ಪಟೆ ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಶ್ರೀಕುಮಾರ್ ಮೆನನ್ ಮತ್ತು ಅವರ ಸಂಗಡಿಗರು ಅಳತೆಮಾಡಿ, ಕೆಲವು ಜೋಡಿ ಕಲ್ಲುಗಳು ಅಯನಗಳ ಕೊನೆಯ ದಿನದ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೆ ನೇರವಾಗಿವೆಯೆಂದು ತೋರಿಸಿದ್ದಾರೆ. ಬಿತ್ತುವವನಿಗೆ ಸೂರ್ಯ ಯಾವಾಗ ತಿರುಗುತ್ತಾನೆಂದು ತಿಳಿದಿರಬೇಕಷ್ಟೆ. ಜೂನ್ ತಿಂಗಳ ಕೊನೆಯಲ್ಲಿ ಅತ್ತ ಹೋದವರಿಗೆ ಮಳೆಯ ಮೋಡಗಳಲ್ಲಿ ಸೂರ್ಯ ಸಿಕ್ಕುವುದು ಕಷ್ಟ. ಡಿಸೆಂಬರ್ 21ರ ಆಸುಪಾಸಿನಲ್ಲಿ, ಮಂಜು ಬೇಗ ಕರಗಿದ ದಿನ, ಆ ಕಲ್ಲುಗಳ ನಡುವೆ ಸೂರ್ಯೋದಯವನ್ನು ನೋಡಬಹುದು.